ಆ ಬಟನ್‌ಗಳಿಗೆ ಹೆಸರು ಹಾಕಿಸಿ

"ಸದ್ಯಕ್ಕೆ ಅವರಿಗೆ ಫೋನ್ ಅಟೆಂಡ್ ಮಾಡೋ ಕೆಲಸ ಕೊಡೋಣ ಬಿಡಿ."

ಸೋಮವಾರ ನಮ್ಮ ಮ್ಯಾನೇಜರ್ ಆಡಿದ ಈ ಮಾತು ಇನ್ನೂ ಕಿವಿಯಲ್ಲೇ ಇದೆ. 'ಅವರು' ಅಂದರೆ ನನ್ನ ಪಕ್ಕದ ಸೀಟಿನ ಮೇಡಂ. ಅಕೌಂಟ್ಸ್‌ನಲ್ಲಿ ನಮಗೆಲ್ಲ ಸೀನಿಯರ್. ದೃಷ್ಟಿ ಕಮ್ಮಿಯಾಗುತ್ತಾ ಬಂದು ಪೂರ್ತಿ ಹೋದ ಮೇಲೂ ಅದೇ ಕುರ್ಚಿ, ಅದೇ ಕೆಲಸ.

ಅವರ ಕಂಪ್ಯೂಟರಿನಲ್ಲಿರುವುದು ಎನ್‌ವಿಡಿಎ, ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ಸ್ಕ್ರೀನ್ ರೀಡರ್. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರುಮಾಡಿದರು, ಆಮೇಲೆ ಜೇಮ್ಸ್ ಟೆ ಕೈಜೋಡಿಸಿದರು. ಇಬ್ಬರಿಗೂ ಕಣ್ಣು ಕಾಣದು. ದುಡ್ಡಿಲ್ಲದವರಿಗೂ ಸಿಗಲಿ ಅಂತ ಪುಕ್ಕಟೆಯಾಗಿ ಕೊಟ್ಟರು. ಮೇಡಂ ಅದನ್ನು ಎಂಥ ವೇಗದಲ್ಲಿ ಓದಿಸುತ್ತಾರೆಂದರೆ, ಅವರ ಹೆಡ್‌ಫೋನ್ ಹಾಕಿಕೊಂಡರೆ ನನಗೆ ಒಂದಕ್ಷರವೂ ತಿಳಿಯುವುದಿಲ್ಲ. ಮೌಸ್ ಮುಟ್ಟುವುದೇ ಇಲ್ಲ. ಬಿಲ್ಲಿನಲ್ಲಿ ಅಂಕಿ ತಪ್ಪಿದ್ದರೆ ನಮಗಿಂತ ಮೊದಲು ಹಿಡಿಯುತ್ತಾರೆ.

ಸೋಮವಾರ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಬಂತು. ಅಕ್ಷರಗಳಿದ್ದ ಕಡೆಯೆಲ್ಲ ಪುಟ್ಟ ಪುಟ್ಟ ಚಿತ್ರಗಳು. ನಮಗೆ ಚಿತ್ರ ಕಾಣುತ್ತದೆ; ಸ್ಕ್ರೀನ್ ರೀಡರ್‌ಗೆ ಕೋಡ್‌ನಲ್ಲಿ ಬರೆದ ಹೆಸರು ಬೇಕು. ಅದನ್ನು ಯಾರೂ ಬರೆದಿರಲಿಲ್ಲ. ಟ್ಯಾಬ್ ಒತ್ತಿದರೆ "ಬಟನ್", ಇನ್ನೊಮ್ಮೆ ಒತ್ತಿದರೆ "ಬಟನ್". ಸೇವ್ ಯಾವುದು, ಡಿಲೀಟ್ ಯಾವುದು? ಬೋರ್ಡಿಲ್ಲದ ಬಾಗಿಲುಗಳ ಮುಂದೆ ನಿಲ್ಲಿಸಿ ನಿಮ್ಮ ರೂಮಿಗೆ ಹೋಗಿ ಅಂದಂತೆ.

ಆಗಲೇ ಆ ಮಾತು ಬಂದದ್ದು. ಮ್ಯಾನೇಜರ್ ಕೆಟ್ಟವರಲ್ಲ, ಕನಿಕರದಿಂದಲೇ ಹೇಳಿದರು. ನನಗೆ ಭಯವಾದದ್ದೂ ಅದಕ್ಕೇ. ಬೈದು ಕಳಿಸಿದರೆ ಜಗಳ ಆಡಬಹುದು. ಪಾಪ ಅಂತ ಬದಿಗೆ ಕೂರಿಸಿದರೆ ಏನನ್ನುವುದು? ಇಷ್ಟು ವರ್ಷದ ಅನುಭವ ಹಾಗೇ ಮೂಲೆ ಸೇರುತ್ತದೆ.

ಮೇಡಂ ಹೆಡ್‌ಫೋನ್ ತೆಗೆದಿಟ್ಟು ಅಂದರು: "ಸರ್, ನನ್ನ ಕೆಲಸ ಬದಲಾಯಿಸೋದು ಬೇಡ. ಆ ಬಟನ್‌ಗಳಿಗೆ ಹೆಸರು ಹಾಕಿಸಿ."

ಹಾಕಿಸಿದ್ದಾಯಿತು. ಕೋಡ್ ಬರೆಯುವ ಹುಡುಗ ಅವರ ಪಕ್ಕದಲ್ಲೇ ಕೂತು ಒಂದೊಂದಕ್ಕೂ ಹೆಸರು ಕೊಟ್ಟ, ಅವರು ಕೇಳಿ ಕೇಳಿ ಸರಿ ಅಂದರು. ಬುಧವಾರ ಬಿಲ್ಲುಗಳು ಎಂದಿನಂತೆ ಹೊರಟವು. ನಮ್ಮ ಪರದೆಗಳಲ್ಲಿ ಏನೂ ಬದಲಾಗಿರಲಿಲ್ಲ.

ಮೇಡಂಗೆ ಹಿರಿತನವಿತ್ತು, ಅದಕ್ಕೇ ಬಾಯಿಬಿಟ್ಟು ಹೇಳಿದರು. ಕೆಲಸಕ್ಕೆ ಸೇರಿ ತಿಂಗಳಾಗಿರುವ, ಗುತ್ತಿಗೆಯ ಮೇಲಿರುವ ಒಬ್ಬರು ಅದೇ ಕುರ್ಚಿಯಲ್ಲಿದ್ದರೆ? ಸುಮ್ಮನೆ ಎದ್ದು ಫೋನಿನ ಮೇಜಿಗೆ ಹೋಗುತ್ತಿದ್ದರು. ಸಾಧನ ಕೈಯಲ್ಲಿದ್ದೂ ಕೆಲಸ ಹೋಗುವುದು ಹೀಗೆ, ಯಾರೋ ಬರೆಯದೆ ಬಿಟ್ಟ ಒಂದು ಸಾಲಿನಿಂದ.

ಮುಂದಿನ ಆವೃತ್ತಿಯನ್ನು ಬಿಡುಗಡೆಗೆ ಮೊದಲೇ ಸ್ಕ್ರೀನ್ ರೀಡರ್‌ನಲ್ಲಿ ಪರೀಕ್ಷಿಸಬೇಕೆಂದು ನಾನೂ ಮೇಡಮ್ಮೂ ಸೇರಿ ಮೇಲ್ ಕಳಿಸಿದ್ದೇವೆ. ಉತ್ತರ ಬಂದಿಲ್ಲ. ನಾಳೆ ಹೋಗಿ ಕೇಳುತ್ತೇವೆ.