ಮಂಜು ನಮ್ಮದು, ಮಳೆ ಸದ್ದು ಯಾರದ್ದೋ

ಕೊಡಗಿನಲ್ಲಿ ತೆಗೆದ ಸಿನಿಮಾ ಬಂದರೆ ನಾನು ಮೊದಲು ಕಿವಿ ಕೊಡುವುದು ಮಳೆಗೆ. ಮಾಂದಲ್‌ಪಟ್ಟಿಯ ಗುಡ್ಡ, ಮಂಜು, ಕಾಫಿ ತೋಟ ಎಲ್ಲ ಸರಿಯಾಗೇ ಕಾಣುತ್ತವೆ. ಮಳೆ ಮಾತ್ರ ಬೇರೆ ಯಾವುದೋ ಊರಿನದು. ಒಂದೇ ಸಮ ಸೋ ಅಂತ ಸುರಿಯುತ್ತದೆ, ಅಷ್ಟೆ.

ನಮ್ಮ ಮಳೆಗೆ ಹತ್ತಾರು ಸದ್ದು. ಮಂಗಳೂರು ಹೆಂಚಿನ ಮೇಲೆ ಮೆತ್ತಗೆ ಬೀಳುತ್ತದೆ. ಸೌದೆ ಕೊಟ್ಟಿಗೆಯ ತಗಡಿನ ಮೇಲೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ತೋಟದಲ್ಲಿ ಮಳೆ ನಿಂತ ಮೇಲೂ ಸಿಲ್ವರ್ ಓಕ್‌ನಿಂದ ಕಾಫಿ ಎಲೆಗೆ, ಅಲ್ಲಿಂದ ತರಗೆಲೆಗೆ ಹನಿ ಇಳಿಯುತ್ತಲೇ ಇರುತ್ತದೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆ ತಿಂಗಳಲ್ಲಿ, ಇಲ್ಲಿ ಯಾರೂ ಪಿಸುಮಾತಲ್ಲಿ ಪ್ರೀತಿ ಹೇಳಿಕೊಳ್ಳಲು ಆಗುವುದಿಲ್ಲ. ಕೂಗಬೇಕು, ಇಲ್ಲಾ ಕಿವಿಯ ಹತ್ತಿರ ಬರಬೇಕು. ಎಂಥ ಒಳ್ಳೆ ದೃಶ್ಯ ಅದು, ಅಲ್ವಾ? ಮಳೆಯ ಸದ್ದೇ ಇಬ್ಬರನ್ನೂ ಹತ್ತಿರ ತರುತ್ತದೆ. ಪಿಟೀಲು ಬೇಕಾಗಿಲ್ಲ.

ಸಿನಿಮಾದಲ್ಲಿ ನಮ್ಮ ಮಳೆ ಕೇಳಿಸದಿರುವುದಕ್ಕೆ ಕಾರಣ ಇದೆ. ಶೂಟಿಂಗ್ ಜಾಗದಲ್ಲಿ ಜನರೇಟರ್ ಓಡುತ್ತಿರುತ್ತದೆ, ಟ್ಯಾಂಕರ್ ನೀರಲ್ಲಿ ಮಳೆ ಬರಿಸುತ್ತಾರೆ. ಆ ಗದ್ದಲದಲ್ಲಿ ಹಿಡಿದ ಮಾತು ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಮಾತು ಡಬ್ಬಿಂಗ್ ಆಗುತ್ತದೆ. ಹೆಜ್ಜೆ, ಬಳೆ, ಬಾಗಿಲಿನ ಸದ್ದನ್ನು ಚಿತ್ರ ನೋಡುತ್ತಾ ಸ್ಟುಡಿಯೋದಲ್ಲೇ ಹುಟ್ಟಿಸುತ್ತಾರೆ. ಹಾಲಿವುಡ್‌ನ ಜ್ಯಾಕ್ ಫೋಲಿ ಹೆಸರಲ್ಲಿ ಇದಕ್ಕೆ ಫೋಲಿ ಅಂತಲೇ ಹೆಸರು. ತುಂಬಾ ಕಷ್ಟದ ಕೆಲಸ, ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಮಳೆ, ಹಕ್ಕಿ ಎಲ್ಲ ಹೆಚ್ಚಾಗಿ ಸೌಂಡ್ ಲೈಬ್ರರಿಯಿಂದ, ಅಂದರೆ ಬೇರೆಲ್ಲೋ ಮೊದಲೇ ರೆಕಾರ್ಡ್ ಮಾಡಿಟ್ಟ ಸದ್ದುಗಳ ಸಂಗ್ರಹದಿಂದ ಬರುತ್ತವೆ. ಹಾಲಿವುಡ್‌ನ ಹಳೇ ಟಾರ್ಜನ್ ಸಿನಿಮಾಗಳ ಆಫ್ರಿಕಾ ಕಾಡಿನಲ್ಲಿ ಕೂಗಿದ್ದು ಆಸ್ಟ್ರೇಲಿಯಾದ ಕೂಕಬುರಾ ಹಕ್ಕಿ!

ಟಿವಿ ಧಾರಾವಾಹಿಗಳ ಅಬ್ಬರದ ಮ್ಯೂಸಿಕ್‌ಗೆ ನಾನು ಬೈಯುವುದಿಲ್ಲ. ನಮ್ಮತ್ತೆ ಅಡುಗೆಮನೆಯಲ್ಲಿ ಅಕ್ಕಿ ರೊಟ್ಟಿ ತಟ್ಟುತ್ತಲೇ ಮ್ಯೂಸಿಕ್ ಕೇಳಿ ಯಾರು ಒಳಗೆ ಬಂದರು ಅಂತ ಹೇಳುತ್ತಾರೆ. ಕೆಲಸದಲ್ಲಿರುವವರನ್ನು ಟಿವಿಯತ್ತ ಕರೆಯಲು ಆ ಅಬ್ಬರ ಬೇಕು. ಸಿನಿಮಾ ನೋಡುವವರು ಕತ್ತಲಲ್ಲಿ ಸುಮ್ನೆ ಕೂತಿರುತ್ತಾರೆ. ಅವರನ್ನು ಕೂಗಿ ಕರೆಯಬೇಕಾಗಿಲ್ಲ.

ನನಗೆ ಜಾಸ್ತಿ ಬೇಸರ ಆಗುವುದು ಗುಂಡಿನ ಸದ್ದಿನಲ್ಲಿ. ಕೊಡವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಒಂದರ ಹಿಂದೆ ಒಂದು, ಎರಡು. ಗುಡ್ಡದಾಚೆಯ ಮನೆಯವರಿಗೆ ಅಷ್ಟರಲ್ಲೇ ಸುದ್ದಿ ಮುಟ್ಟುತ್ತಿತ್ತು. ಸಿನಿಮಾದವರಿಗೆ ಕೋವಿ ಅಂದರೆ ಬರೀ ಮೀಸೆ, ರೋಷ. ಆದರೆ ಯೋಚಿಸಿ: ಹೆರಿಗೆಯ ಸುದ್ದಿಗೆ ಕಾಯುತ್ತಾ ಒಬ್ಬ ಅಜ್ಜಿ ಜಗಲಿಯಲ್ಲಿ ಕೂತಿದ್ದಾರೆ. ಆಚೆಯಿಂದ ಒಂದು ಗುಂಡು ಕೇಳಿಸಿತು. ಎರಡನೆಯದು ಬರುತ್ತದೋ ಇಲ್ಲವೋ? ಆ ಎರಡು ಸೆಕೆಂಡಿಗೆ ಮ್ಯೂಸಿಕ್ ಹಾಕಿದರೆ ಎಲ್ಲಾ ಹಾಳು.

ಸದ್ದಿನಲ್ಲೇ ಕಥೆ ಹೇಳುವುದನ್ನು ಕನ್ನಡದಲ್ಲಿ ಮಾಡಿ ತೋರಿಸಿದವರಿದ್ದಾರೆ. ಬಿ.ವಿ. ಕಾರಂತರು 1975ರಲ್ಲಿ ತೆಗೆದ ‘ಚೋಮನ ದುಡಿ’ ನೋಡಿ. ಚೋಮ ಬಾಯಲ್ಲಿ ಹೇಳಲಾಗದ್ದನ್ನೆಲ್ಲ ಅವನ ದುಡಿ ಅನ್ನುವ ಚರ್ಮವಾದ್ಯ ಹೇಳುತ್ತದೆ. ನಮ್ಮಲ್ಲೂ ಸುಗ್ಗಿ ಹಬ್ಬವಾದ ಪುತ್ತರಿಗೆ ದುಡಿ ಬಾರಿಸಿಕೊಂಡು ಹಾಡುತ್ತಾರೆ. ಅದು ಸಿನಿಮಾಕ್ಕೆ ಬಂದರೆ ಹಾಡಿನ ಹಿಂದೆ ಬಣ್ಣಕ್ಕೆ ಮಾತ್ರ, ಕಥೆಯೊಳಗೆ ಬರುವುದೇ ಇಲ್ಲ.

ಇಲ್ಲಿಗೆ ಶೂಟಿಂಗ್‌ಗೆ ಬರುವವರಲ್ಲಿ ನನ್ನದೊಂದು ಕೋರಿಕೆ. ಪ್ಯಾಕಪ್ ಆಗಿ ಜನರೇಟರ್ ಲಾರಿ ಹೊರಟ ಮೇಲೆ ಸೌಂಡ್‌ನವರನ್ನು ಒಂದು ದಿನ ಇಲ್ಲೇ ಬಿಡಿ. ಮಾರ್ಚ್‌ನಲ್ಲಾದರೆ ಕಾಫಿ ಹೂವಿಗೆ ಮುತ್ತಿದ ಜೇನುನೊಣದ ಸದ್ದು ಸಿಗುತ್ತದೆ. ಜೂನ್‌ನಲ್ಲಾದರೆ ಬೆಳಗಿನ ಜಾವ ತೋಡಿನ ಹತ್ತಿರ ಮಲಬಾರ್ ವಿಸ್ಲಿಂಗ್ ಥ್ರಶ್ ಹಕ್ಕಿಯ ಕೂಗು ಸಿಗುತ್ತದೆ, ಥೇಟ್ ಹುಡುಗನೊಬ್ಬ ಶಿಳ್ಳೆ ಹಾಕಿದ ಹಾಗೆ. ಊಟ, ಕಾಫಿ, ಮಲಗಲು ಜಾಗ ನಮ್ಮನೆಯಲ್ಲೇ ಆಗುತ್ತದೆ. ಮೈಕ್‌ಗೆ ಮಳೆ ತಾಗದ ಹಾಗೆ ಒಂದು ಕವರ್ ಮಾತ್ರ ಅವರೇ ತರಲಿ.