ಕೂಲಿ ಬರೆಯುವುದು ಯಾವ ಕಾಲಂನಲ್ಲಿ?

12 ಡಿಸೆಂಬರ್ 2024, ಗುರುವಾರ
ಶಿವಮೊಗ್ಗ

ಹೊಸ ಮಷಿನ್ ಬಂದಾಗ ಅದನ್ನು ಹೇಗೆ ಆನ್ ಮಾಡಬೇಕು ಅಂತ ಟ್ರೇನಿಂಗ್ ಕೊಡುತ್ತಾರೆ. ಆ ಮಷಿನ್ ಬೇಕಿತ್ತಾ ಅಂತ ಕೇಳುವುದಕ್ಕೂ ನಮ್ಮಂಥ ಆರೋಗ್ಯ ಸಿಬ್ಬಂದಿಗೆ ಟ್ರೇನಿಂಗ್ ಇದೆ ಅಂತ ಇವತ್ತು ಅದರಲ್ಲಿ ಕೂತಾಗಲೇ ಗೊತ್ತಾಗಿದ್ದು. ಔಷಧಿ, ಲಸಿಕೆ, ಉಪಕರಣ ಯಾವುದೇ ಇರಲಿ, ಹಾಕಿದ ದುಡ್ಡಿಗೆ ಎಷ್ಟು ಆರೋಗ್ಯ ಬಂತು ಅಂತ ಲೆಕ್ಕ ಹಾಕುವುದು, ಹೆಲ್ತ್ ಟೆಕ್ನಾಲಜಿ ಅಸೆಸ್‌ಮೆಂಟ್ ಅಂತ ಅದರ ಹೆಸರು. ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ 2017ರಿಂದ ಇದಕ್ಕೇ ಒಂದು ವ್ಯವಸ್ಥೆ ಇದೆ. ನಮ್ಮಲ್ಲಿ ಮುಸುಕು ಹೊದ್ದು ಕೂತಿರುವ ಆ ಮಷಿನ್ ನೆನಪಾಯಿತು. ಬಿಡಿ, ಅದರ ಕಥೆ ಇನ್ನೊಂದು ದಿನ.

ಊಟದ ನಂತರ ಎಲ್ಲರಿಗೂ ನಿದ್ದೆ. ಆಗ ಟ್ರೇನಿಂಗ್ ಕೊಡುತ್ತಿದ್ದ ಸರ್ ಮಂಗನ ಕಾಯಿಲೆಯ ವಿಷಯ ತೆಗೆದರು ನೋಡಿ, ಹಾಲ್ ಎದ್ದು ಕೂತಿತು. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರಿನಲ್ಲಿ ಕಂಡ ಕಾಯಿಲೆ, ಇಲ್ಲಿ ಯಾರಿಗೆ ಹೇಳಿಕೊಡಬೇಕು? ಈಗ ನಿಂತುಹೋಗಿರುವ ಹಳೇ ಲಸಿಕೆಯ ಲೆಕ್ಕ ಬೋರ್ಡ್ ಮೇಲೆ ಬಂತು. 2005ರಿಂದ 2010ರವರೆಗಿನ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನದಲ್ಲಿ ಎರಡು ಡೋಸ್‌ಗೆ ಸುಮಾರು 62%, ಬೂಸ್ಟರ್ ಸೇರಿದರೆ ಸುಮಾರು 83% ರಕ್ಷಣೆ. ಖರ್ಚಿನ ಕಡೆ ಲಸಿಕೆ ಬೆಲೆ, ಐಸ್ ಬಾಕ್ಸ್, ಗಾಡಿ, ನಮ್ಮ ಸಂಬಳ.

ಹೊಸನಗರ ಕಡೆಯ ಅಕ್ಕ ಕೈ ಎತ್ತಿದರು. ರಿಟೈರ್ ಆಗುವುದಕ್ಕೆ ಬಂದವರು, ಬೆಳಗ್ಗಿಂದ ಒಂದು ಮಾತೂ ಆಡಿರಲಿಲ್ಲ.

"ಸರ್, ಕೂಲಿ ಯಾವ ಕಾಲಂನಲ್ಲಿ ಬರೀಬೇಕು?"

"ಯಾರ ಕೂಲಿ ಮೇಡಂ?"

"ಹಾಕಿಸ್ಕೊಳ್ಳೋಕೆ ಬರ್ತಾರಲ್ಲ, ಅವರದ್ದು. ಒಂದು ಡೋಸ್, ತಿಂಗಳು ಬಿಟ್ಟು ಇನ್ನೊಂದು, ಆಮೇಲೆ ಬೂಸ್ಟರ್, ಆಮೇಲೆ ವರ್ಷ ವರ್ಷ. ಬಂದಾಗೆಲ್ಲ ಒಂದು ದಿನದ ದುಡಿಮೆ ಹೋಯ್ತು. ಚುಚ್ಚಿದ ಕಡೆ ನೋವು ಬೇರೆ. ಒಂದು ಸಲ ಹಾಕಿಸ್ಕೊಂಡೋರು ಎರಡನೇ ಸಲ ನಮ್ಮನ್ನ ಕಂಡ್ರೆ ತೋಟದೊಳಗೆ ಹೋಗಿಬಿಡೋರು. ಇನ್ನು ಕಾಯಿಲೆ ಬಿದ್ದೋರ ಕೂಲಿ? ಅದು ಬರೋದೇ ಅಡಿಕೆ ಕೊಯ್ಲಲ್ಲಿ, ಕಾಡಿಗೆ ಹೋಗಿ ದರಗೆಲೆ ತರೋ ಹೊತ್ತಲ್ಲಿ. ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ಏಳೋಕಾಗಲ್ಲ."

ಸರ್ ಒಳ್ಳೆಯವರು, ಜಾರಿಕೊಳ್ಳಲಿಲ್ಲ. ಸರ್ಕಾರದ ಜೇಬಿನಿಂದ ನೋಡಿದರೆ ಕೂಲಿ ಲೆಕ್ಕಕ್ಕೆ ಬರುವುದಿಲ್ಲ, ಇಡೀ ಸಮಾಜದ ಕಡೆಯಿಂದ ನೋಡಿದರೆ ಬರುತ್ತದೆ, ಯಾವ ಕಡೆಯಿಂದ ನೋಡುತ್ತೇವೆ ಅಂತ ಮೊದಲ ಪುಟದಲ್ಲೇ ಬರೆಯಬೇಕು ಅಂದರು. ಅಕ್ಕ ತಲೆಯಾಡಿಸಿ ಕೂತರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ನನಗಂತೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಜೇಬು ಬದಲಾದರೆ ಉತ್ತರವೂ ಬದಲಾಗುತ್ತದೆ ಅಂದಮೇಲೆ ಜೇಬು ಆರಿಸುವವರು ಯಾರು ಅನ್ನುವುದೇ ದೊಡ್ಡ ಪ್ರಶ್ನೆ ಅಲ್ವಾ?

ಟೀ ತುಂಬ ಚೆನ್ನಾಗಿತ್ತು. ಅದನ್ನೂ ಬರೆದುಬಿಡುತ್ತೇನೆ.

ಕೊನೆಗೆ ಐದು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಓಡಾಟ, ಸ್ವಂತ ಕೆಲಸ, ದಿನದ ಕೆಲಸ, ನೋವು, ಮನಸ್ಸಿನ ಆತಂಕ. ಒಂದೊಂದಕ್ಕೂ ಐದು ಹಂತ. ಉತ್ತರ ಸೇರಿಸಿದರೆ ಆರೋಗ್ಯಕ್ಕೆ ಒಂದು ಅಂಕಿ ಸಿಗುತ್ತದೆ. ಪೂರ್ತಿ ಆರೋಗ್ಯ ಅಂದರೆ 1, ಸಾವು 0. ಅರ್ಧ ಆರೋಗ್ಯದಲ್ಲಿ ಎರಡು ವರ್ಷ ಬದುಕಿದರೆ, ಒಂದು ಪೂರ್ತಿ ವರ್ಷಕ್ಕೆ ಸಮ.

ಮನೆಗೆ ಬಂದು ಸುಮ್ನೆ ಅತ್ತೆಗೆ ಕೇಳಿದೆ. ಮಂಡಿ ಹಿಡಿದುಕೊಂಡೇ ಅಕ್ಕಿ ಆರಿಸುತ್ತಿದ್ದರು.

"ನೋವು ಇದೆಯಾ ಅತ್ತೆ, ಇವತ್ತು?"

"ಇಲ್ಲಪ್ಪ. ಈ ವಯಸ್ಸಿಗೆ ಇದೆಲ್ಲ ಒಂದು ನೋವಾ?"

"ಓಡಾಟಕ್ಕೆ ತೊಂದರೆ?"

"ನಾನೆಲ್ಲಿ ಓಡಾಡ್ಬೇಕು? ಒಳಗಿಂದ ಹಿತ್ತಲಿಗೆ."

ಆತಂಕ? ಇಲ್ಲವೇ ಇಲ್ಲವಂತೆ. ಮಗನ ಬಸ್ಸು ಅರ್ಧ ಗಂಟೆ ತಡವಾದರೆ ಊಟ ಸೇರದವರು!

ಹಾಳೆಯ ಪ್ರಕಾರ ಅತ್ತೆ ನನಗಿಂತ ಗಟ್ಟಿ. ಹಾಗಾದರೆ ಇವರಿಗೆ ಮಂಡಿ ಆಪರೇಷನ್ ಮಾಡಿಸಿದರೂ ಅಂಕಿ ಏರುವುದಿಲ್ಲ, ಖರ್ಚು ಮಾತ್ರ ಕಾಣುತ್ತದೆ. ಮಲೆನಾಡಿನ ಮನೆಮನೆಯಲ್ಲೂ ಹೀಗೇ "ಏನಿಲ್ಲ" ಅನ್ನುವವರು ಇದ್ದಾರಲ್ಲ, ಅವರೆಲ್ಲರ ಹಾಳೆ ಸೇರಿಸಿದರೆ ಆ ಆಪರೇಷನ್ನೇ ದಂಡ ಅಂತ ಬರುತ್ತದಾ? ಅಥವಾ ಕೇಳುವವಳು ಸೊಸೆ ಆಗಿದ್ದಕ್ಕೆ ಹೀಗಾ? ನಾಳೆ ಸರ್‌ಗೆ ಕೇಳಬೇಕು. ಅದಕ್ಕೂ ಮೊದಲು ಪಕ್ಕದ ಮನೆಯವರ ಕೈಲಿ ಇನ್ನೊಂದು ಸಲ ಅತ್ತೆಗೆ ಕೇಳಿಸಿ ನೋಡಬೇಕು.