ಎಂತ ಸಿಲೆಬಸ್ಸು ಅಂತ ಕೇಳುವವರಿಗೆ

"ಮಗಳನ್ನು ಶಾಲೆಗೆ ಹಾಕಿಲ್ವಂತೆ? ಹಾಗಾದ್ರೆ ಎಂತ ಸಿಲೆಬಸ್ಸು?"

ಮದುವೆ ಊಟದ ಪಂಕ್ತಿಯಲ್ಲಿ ಸಾರಿನ ಹೊತ್ತಿಗೆ ಶುರುವಾಗುವ ಈ ಪ್ರಶ್ನೆ ಪಾಯಸ ಬಂದರೂ ಮುಗಿಯುವುದಿಲ್ಲ. ಬೆಂಗಳೂರಿನ ಗೆಳತಿಯರು ಇದನ್ನೇ "ಯಾವ ಕರಿಕ್ಯುಲಮ್ ತಗೊಂಡೆ?" ಅಂತ ಕೇಳುತ್ತಾರೆ. ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮಧ್ಯೆ ನಮ್ಮ ಮನೆ. ಆರೂವರೆ ವರ್ಷದ ಮಗಳಿಗೆ ಮನೆಯಲ್ಲೇ ಪಾಠ ಶುರು ಮಾಡಿ ಒಂದೂವರೆ ವರ್ಷ ಆಯಿತು. ಇಷ್ಟು ದಿನ ಎಲ್ಲರಿಗೂ ಅರ್ಧ ಉತ್ತರ ಕೊಟ್ಟು ಜಾರಿಕೊಂಡಿದ್ದೇನೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ಚಿಕ್ಕ ಉತ್ತರ: ಒಂದು ಕನ್ನಡ ಪುಸ್ತಕ, ಒಂದು ಗಣಿತ ಪುಸ್ತಕ, ದಿನಕ್ಕೊಂದು ಕಥೆ. ಇಷ್ಟು ಹೇಳಿದರೆ ಕೇಳಿದವರ ಮುಖ ಸಪ್ಪೆಯಾಗುತ್ತದೆ. ಇನ್ನೇನೋ ದೊಡ್ಡದಿರಬಹುದು ಅಂದುಕೊಂಡಿರುತ್ತಾರೆ. ದೊಡ್ಡದೂ ಇದೆ, ಅದು ಅಟ್ಟದ ಮೇಲಿದೆ.

ಮಗಳಿಗೆ ಐದು ತುಂಬಿದ್ದೇ ತಡ, ಅಮೆರಿಕದ ಒಂದು ಕಂಪೆನಿಯಿಂದ ವರ್ಷದ ಪೂರ್ತಿ ಸೆಟ್ಟು ತರಿಸಿದ್ದೆ. ಸಾಗಾಟ, ಸುಂಕ ಎಲ್ಲ ಸೇರಿ 18,000 ರೂಪಾಯಿ ದಾಟಿತು. ಅಲ್ಲಿನ ಶಾಲೆಗಳ ಲೆಕ್ಕದಂತೆ 36 ವಾರ, 180 ದಿನ. ಇವತ್ತು ಯಾವ ಪುಟ, ನಾಳೆ ಯಾವ ಪುಟ, ಎಲ್ಲವೂ ಬರೆದಿತ್ತು. ಪುಸ್ತಕಗಳು ಚೆಂದವೇ, ಸುಳ್ಳು ಹೇಳಬಾರದು. ನಾವು ಶುರು ಮಾಡಿದ್ದು ಆಟಿ ತಿಂಗಳಲ್ಲಿ, ಜೋರು ಮಳೆಗಾಲದಲ್ಲಿ. ದಿನಾ ಬೆಳಿಗ್ಗೆ ಹವೆ ನೋಡಿ ಗೋಡೆಯ ಕ್ಯಾಲೆಂಡರಿಗೆ ಒಂದು ಸ್ಟಿಕರ್ ಅಂಟಿಸಬೇಕು. ಕೊಡೆಯ ಸ್ಟಿಕರ್ ಹತ್ತೇ ದಿನದಲ್ಲಿ ಖಾಲಿ. ಹಿಮದ ಬೊಂಬೆಗಳು ಒಂದು ಹಾಳೆ ತುಂಬ ಹಾಗೇ ಉಳಿದವು. ಮಳೆ ಮಾತ್ರ ನಿಲ್ಲಲಿಲ್ಲ.

ಆಮೇಲೆ ದುಡ್ಡಿನ ಪಾಠ. ಅಮೆರಿಕದಲ್ಲಿ ಹತ್ತು ಸೆಂಟಿನ ನಾಣ್ಯ ಐದು ಸೆಂಟಿನದಕ್ಕಿಂತ ಸಣ್ಣದು. ಮಗಳು ಎರಡೂ ಚಿತ್ರ ನೋಡಿ ಕೇಳಿದಳು: "ಅವಕ್ಕೆ ಲೆಕ್ಕ ಬತ್ತಿಲ್ಲೆಯಾ?" ಆ ವಾರವೇ ಪೆಟ್ಟಿಗೆ ಅಟ್ಟ ಹತ್ತಿತು. ಈಗ ಬೂಷ್ಟು ಹಿಡಿದಿದೆ. ಕಂಪೆನಿಯದ್ದೇನೂ ತಪ್ಪಿಲ್ಲ, ಅವರು ಅವರ ಮಕ್ಕಳಿಗೆ ಮಾಡಿದ್ದು. ಮಗು ಎಲ್ಲಿದೆ ಅಂತ ನೋಡದೆ ಪುಸ್ತಕ ಆರಿಸಿದ್ದು ನಾನು.

ಕಾಸರಗೋಡಿನಲ್ಲಿ ಕೂತು ಪುಸ್ತಕ ಆರಿಸುವವರು ಮೊದಲು ಭಾಷೆ ಆರಿಸಬೇಕು. ಮನೆಯಲ್ಲಿ ಹವ್ಯಕ ಮಾತು, ತೋಟದ ಕೆಲಸದವರ ಹತ್ತಿರ ತುಳು, ಪಕ್ಕದ ಮನೆಯ ಮಕ್ಕಳ ಜೊತೆ ಮಲಯಾಳಂ, ಫೋನಿನಲ್ಲಿ ಇಂಗ್ಲಿಷ್. ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೇಳಲು ಚೆನ್ನಾಗಿರುತ್ತದೆ. ಆರು ವರ್ಷದ ಮಗುವಿಗೆ ಓದು ಕಲಿಸುವಾಗ ಅದು ತಲೆನೋವು. ಕನ್ನಡ ಪುಸ್ತಕದ ಭಾಷೆಯೂ ನಮ್ಮ ಮನೆಯದ್ದಲ್ಲ. ನಾವು "ಇಲ್ಲೆ" ಅನ್ನುತ್ತೇವೆ, ಪುಸ್ತಕ "ಇಲ್ಲ" ಅನ್ನುತ್ತದೆ.

ಒಂದು ಸಲ ಚೆರ್ಕಳದ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಎಡನೀರು ಮಠದ ಬೋರ್ಡು ಕಾಣಿಸಿತು. ಮಲಯಾಳಂನಲ್ಲಿ ಬರೆದದ್ದು. ಅವಳಿಗೆ "ಮ" ಗೊತ್ತಿತ್ತು, ಪಕ್ಕದ ಮನೆಯ ಹುಡುಗ ತೋರಿಸಿಕೊಟ್ಟಿದ್ದ. "ಅಮ್ಮಾ, ಮ ಆದ ಮತ್ತೆ ಎರಡು ಸೊನ್ನೆ ಎಂತಕ್ಕೆ? ಒಂದು ದೊಡ್ಡ, ಒಂದು ಸಣ್ಣ." ನೋಡಿದರೆ ಹೌದು! ಮಲಯಾಳಂನ ಠ ಅಂದರೆ ಒಂದು ದೊಡ್ಡ ಸೊನ್ನೆ. ಅದರ ಪಕ್ಕ "ಮಠಂ" ಅನ್ನುವಾಗಿನ ಅನುಸ್ವಾರ, ಅದೂ ಸೊನ್ನೆಯೇ. ಐವತ್ತು ಸಲ ಆ ದಾರಿಯಲ್ಲಿ ಹೋಗಿದ್ದೇನೆ, ನನಗೆ ಯಾವತ್ತೂ ಕಂಡಿರಲಿಲ್ಲ. ಮನೆಗೆ ಬಂದು ಕನ್ನಡದ ಠ ಬರೆದು ಪಕ್ಕದಲ್ಲಿಟ್ಟೆವು. ಅವತ್ತಿನ ಪಾಠ ಅಷ್ಟೇ.

ನಾನು ಓದಲು ಕನ್ನಡವನ್ನೇ ಮೊದಲು ಹಿಡಿದೆ. ಒಂದು ಲಿಪಿ ಕೈಗೆ ಬಂದರೆ ಉಳಿದದ್ದು ಸುಲಭ. ಅ ಆ ಇ ಈ, ಕ ಖ ಗ ಘ, ಅದೇ ಸಾಲಿನಲ್ಲಿ ಮಲಯಾಳಂ ಕೂಡ ಕೂತಿದೆ, ಆಕಾರ ಮಾತ್ರ ಬೇರೆ. ಆದರೆ ಕಲಿಸುವಾಗ ಆ ಸಾಲು ಹಿಡಿಯಲಿಲ್ಲ. ಕರ್ನಾಟಕದ ಒಂದನೇ ಕ್ಲಾಸಿನ ಕನ್ನಡ ಶುರುವಾಗುವುದು ರ, ಗ, ಸ, ದ, ಅ ಅಂತ. ಅಜ್ಜನಿಗೆ ಇದು ಕೇಳಿಯೇ ಸಿಟ್ಟು. "ಅ ಬಿಟ್ಟು ರ ದಿಂದ ಶುರುವಾ?" ಐದು ಅಕ್ಷರವನ್ನು ಹಳೆ ಕ್ಯಾಲೆಂಡರಿನ ಹಿಂದೆ ಬರೆದು, ಕತ್ತರಿಸಿ, ಚಾವಡಿಯಲ್ಲಿ ಹರಡಿದೆ. ಸರ. ದರ. ಅರಸ. ಅಗಸ. ಅವಳೇ ಸರಿಸಿ ಸರಿಸಿ "ದಸರ" ಮಾಡಿದಳು. ಅಕ್ಷರ ಕಲಿತ ಎರಡನೇ ವಾರಕ್ಕೆ ಪದ ಓದಿದಳು. 49 ಅಕ್ಷರ ಮುಗಿಯಲಿ ಅಂತ ಕಾದಿದ್ದರೆ ಅವಳೂ ಬಿಡುತ್ತಿದ್ದಳು, ನಾನೂ ಬಿಡುತ್ತಿದ್ದೆ. ಇದು ನಲಿ ಕಲಿಯ ದಾರಿ. 1995ರಲ್ಲಿ ಎಚ್.ಡಿ. ಕೋಟೆಯ ಸರಕಾರಿ ಶಾಲೆಗಳಲ್ಲಿ ಶುರುವಾದದ್ದು. ಪುಸ್ತಕ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. ಕೇರಳದ ಕನ್ನಡ ಮಾಧ್ಯಮದ ಪುಸ್ತಕವೂ ಸಿಗುತ್ತದೆ. ನಾನು ಎರಡನ್ನೂ ಪ್ರಿಂಟ್ ತೆಗೆಸಿ, ಬೇಕಾದ್ದು ಬೇಕಾದಲ್ಲಿಂದ ಓದಿಸುತ್ತೇನೆ.

ಮಾಂಟೆಸೊರಿನಾ, ವಾಲ್ಡಾರ್ಫಾ ಅಂತ ಕೇಳುವವರೂ ಇದ್ದಾರೆ. ಎರಡೂ ಮಕ್ಕಳಿಗೆ ಕಲಿಸುವ ಪದ್ಧತಿಗಳು, ಎರಡರ ಬಗ್ಗೆಯೂ ಓದಿದೆ. ಮಾಂಟೆಸೊರಿ ನಾಲ್ಕು ವರ್ಷದ ಮಕ್ಕಳ ಕೈಗೆ ಉಪ್ಪುಕಾಗದದ ಅಕ್ಷರ ಕೊಟ್ಟವರು. 1919ರಲ್ಲಿ ಜರ್ಮನಿಯಲ್ಲಿ ಶುರುವಾದ ವಾಲ್ಡಾರ್ಫ್ ಶಾಲೆಯವರು ಹಾಲುಹಲ್ಲು ಬೀಳುವವರೆಗೆ, ಅಂದರೆ ಹೆಚ್ಚುಕಡಿಮೆ ಏಳು ವರ್ಷದವರೆಗೆ, ಓದಿಸುವ ಗೋಜೇ ಬೇಡ ಅನ್ನುತ್ತಾರೆ. ಇಬ್ಬರೂ ಒಟ್ಟಿಗೆ ಸರಿ ಇರಲಾರರು ಅಲ್ವಾ? ಮಗಳು "ದಸರ" ಓದಿದ ವಾರವೇ ಅವಳ ಮೊದಲ ಹಲ್ಲು ಬಿತ್ತು. ಹಾಗಾಗಿ ನಾನು ಯಾರ ಕಡೆಯೂ ಅಲ್ಲ.

ಗಣಿತಕ್ಕೆ ಎನ್‌ಸಿಇಆರ್‌ಟಿಯ ಒಂದನೇ ಕ್ಲಾಸಿನ ಪುಸ್ತಕ. ಅದೂ ಪುಕ್ಕಟೆ. ಆದರೆ ನಿಜವಾದ ಲೆಕ್ಕ ನಡೆಯುವುದು ಅಂಗಳದಲ್ಲಿ. ಮಾಂಟೆಸೊರಿಯವರ ಚಿನ್ನದ ಬಣ್ಣದ ಮಣಿಗಳನ್ನು ನೀವು ನೋಡಿರಬಹುದು: ಬಿಡಿ ಮಣಿ, ಹತ್ತರ ಕಡ್ಡಿ, ನೂರರ ಚೌಕ. ಬೆಲೆ ಕೇಳಿ ಸುಮ್ನಾದೆ. ನಮ್ಮಲ್ಲಿ ಸುಲಿದ ಅಡಿಕೆ ಇದೆ. ಹತ್ತು ಅಡಿಕೆ ಒಂದು ತೆಂಗಿನ ಗೆರಟೆಗೆ. ಹತ್ತು ಗೆರಟೆ ಒಂದು ಅಡಿಕೆ ಹಾಳೆಯ ಮೇಲೆ, ಅದು ನೂರು. 32ರಲ್ಲಿ 7 ಕಳೆಯಬೇಕಾದರೆ ಬಿಡಿಯಾಗಿ ಇರುವುದು ಎರಡೇ ಅಡಿಕೆ. ಅವಳು ಸ್ವಲ್ಪ ಹೊತ್ತು ನೋಡಿ, ಒಂದು ಗೆರಟೆ ಎತ್ತಿ ಗಡಗಡ ಸುರಿದುಬಿಟ್ಟಳು. ದಶಕ ತೆಗೆದುಕೊಳ್ಳುವುದು ಅಂತ ನಾವು ಮೂರನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ. ಒಂದೇ ತೊಂದರೆ ಅಂದರೆ ಅಜ್ಜ. ವೀಳ್ಯದೆಲೆಗೆ ಅಂತ ಹಾಳೆಯಿಂದಲೇ ಅಡಿಕೆ ಎತ್ತಿಕೊಳ್ಳುತ್ತಾರೆ. ಒಂದು ದಿನ ಎಷ್ಟು ಎಣಿಸಿದರೂ 98. ಅವಳು ನೇರ ಹೋಗಿ ಅಜ್ಜನ ಬಾಯಿ ತೆರೆಸಿ ನೋಡಿದಳು.

ವಿಜ್ಞಾನಕ್ಕೆ ಪುಸ್ತಕ ಇಟ್ಟಿಲ್ಲ. ಮನೆಗೆ ನೀರು ಬರುವುದು ಗುಡ್ಡದ ಸುರಂಗದಿಂದ. ಮುರಕಲ್ಲು ಕೊರೆದು ಅಡ್ಡಕ್ಕೆ ಒಳಗೆ ಹೋದ ದಾರಿ, ಪಂಪಿಲ್ಲದೆ ನೀರು ತಾನಾಗಿ ಇಳಿದು ಬರುತ್ತದೆ. ಇದು ಯಾಕೆ ಹೀಗೆ ಅಂತ ವಿವರಿಸಲು ಹೊರಟು ನಾನೇ ಎರಡು ದಿನ ಓದಬೇಕಾಯಿತು.

ಕಥೆಯ ವಿಷಯ ಹೇಳುವುದಾದರೆ, ಓದಿ ಹೇಳಿದ್ದನ್ನು ಅವಳು ತಿರುಗಿ ಹೇಳಬೇಕು, ಅಷ್ಟೇ ಪರೀಕ್ಷೆ. ಯಕ್ಷಗಾನದ ಆಟ ನೋಡಿ ಬಂದ ಮರುದಿನ ತಲೆಗೆ ಬೈರಾಸು ಸುತ್ತಿ ರಾವಣನ ಅರ್ಥವನ್ನೆಲ್ಲ, ಅಂದರೆ ಅವನ ಮಾತನ್ನೆಲ್ಲ, ಒಪ್ಪಿಸಿದಳು. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಪಕ್ಕದಲ್ಲಲ್ವಾ, ಗಾಳಿಯಲ್ಲೇ ಇದ್ದೀತು.

ಬೆಳಿಗ್ಗೆ ತೆಳ್ಳವು ತಿಂದ ಮೇಲೆ ಒಂದು ಗಂಟೆ. ಅದಕ್ಕಿಂತ ಜಾಸ್ತಿ ಕೂರಿಸಿದರೆ ಇಬ್ಬರಿಗೂ ಸಿಟ್ಟು ಬರುತ್ತದೆ.

ಕಾನೂನು ಏನು ಹೇಳುತ್ತದೆ ಅಂತ ಕೇಳುವವರಿಗೆ: 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಬಗ್ಗೆ ಮಾತಾಡುತ್ತದೆ, ಅದರಲ್ಲಿ ಮನೆಯಲ್ಲೇ ಕಲಿಸುವುದರ ಹೆಸರೇ ಇಲ್ಲ. ಆದರೆ ಶಾಲೆಗೆ ಹೋಗದ ಮಗು ಯಾವಾಗ ಬಂದರೂ ವಯಸ್ಸಿಗೆ ಸರಿಯಾದ ಕ್ಲಾಸಿಗೆ ಸೇರಿಸಿಕೊಳ್ಳಬೇಕು ಅಂತ ಅದರಲ್ಲೇ ಇದೆ. ಎನ್‌ಐಒಎಸ್‌ನಲ್ಲಿ (ಶಾಲೆಗೆ ಹೋಗದವರಿಗೂ ಪರೀಕ್ಷೆ ನಡೆಸುವ ಕೇಂದ್ರದ ಮುಕ್ತ ಶಾಲಾ ಸಂಸ್ಥೆ) ಮೂರು, ಐದು, ಎಂಟನೇ ಕ್ಲಾಸಿಗೆ ಸಮಾನವಾದ ಎ, ಬಿ, ಸಿ ಹಂತಗಳಿವೆ. ಆಮೇಲೆ ಹತ್ತನೇ ಕ್ಲಾಸಿನ ಪರೀಕ್ಷೆಯನ್ನೂ ಅಲ್ಲೇ ಬರೆಯಬಹುದು. ಕೇರಳದ ಶಾಲೆಗೇ ಸೇರಿಸುವ ಯೋಚನೆ ಇದ್ದರೆ ಮಲಯಾಳಂ ಮರೆಯಬೇಡಿ. ಶಾಲೆಗಳಲ್ಲಿ ಅದನ್ನು ಕಡ್ಡಾಯ ಮಾಡುವ ಕಾಯ್ದೆ 2017ರಲ್ಲೇ ಬಂದಿದೆ. ನಮ್ಮವಳು ಪಕ್ಕದ ಮನೆಯ ಅಂಗಳದಲ್ಲಿ ನನಗಿಂತ ಚೆನ್ನಾಗಿ ಮಾತಾಡುತ್ತಾಳೆ. ಬರೆಯಲು ಬರುವುದಿಲ್ಲ, ಮುಂದಿನ ವರ್ಷಕ್ಕೆ ಇಟ್ಟಿದ್ದೇನೆ. ಇಂಗ್ಲಿಷಿನ ಬಗ್ಗೆ ನೆಂಟರ ಆಕ್ಷೇಪ ಇನ್ನೂ ಮುಗಿದಿಲ್ಲ.

ನನಗೇ ಉತ್ತರ ಸಿಗದ ಪ್ರಶ್ನೆ ಬೇರೆ ಇದೆ. ಅದನ್ನು ಕೇಳಿದ್ದು ಹತ್ತಿರದ ಕನ್ನಡ ಶಾಲೆಯ ಟೀಚರ್. ಒಂದನೇ ಕ್ಲಾಸಿಗೆ ಮಕ್ಕಳು ಸಾಲುತ್ತಿಲ್ಲ ಅಂತ ಮನೆಮನೆ ಹತ್ತಿ ಬಂದಿದ್ದರು. ಚಾವಡಿಯಲ್ಲಿ ಹರಡಿದ್ದ ಅಕ್ಷರಗಳನ್ನು ನೋಡಿ ಖುಷಿಪಟ್ಟರು. ಮಗಳಿಂದ "ಅಗಸ" ಓದಿಸಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಅಕ್ಕ, ಕನ್ನಡ ಬೇಕು ಅನ್ನುವ ನೀವೇ ಹೀಗೆ ಮಾಡಿದರೆ ನಮ್ಮ ಶಾಲೆ ಎಷ್ಟು ವರ್ಷ?" ಅಂದರು. ನಾನು ಕಾಫಿ ತರುತ್ತೇನೆ ಅಂತ ಎದ್ದು ಒಳಗೆ ಹೋದೆ.

ಮರುವಾರ ಅವರು ಹಳೆ ಪಠ್ಯಪುಸ್ತಕಗಳ ಒಂದು ಕಟ್ಟು ಕಳಿಸಿಕೊಟ್ಟರು. ಒಂದರ ರಟ್ಟಿನ ಒಳಗೆ ಶಾಲೆಯ ವಾರ್ಷಿಕೋತ್ಸವದ ಕಾಗದ. ಮಗಳು ಅಕ್ಷರ ಕೂಡಿಸಿ ಓದಿ, ಹೋಗುವನಾ ಅಂತ ಕೇಳಿದಳು. ಹೋಗಿ ಬಂದೆವು. ಈಗ ಶನಿವಾರ ಶಾಲೆಯ ಮಕ್ಕಳು ಕುಣಿತ ಕಲಿಯುವಾಗ ಇವಳೂ ಹೋಗುತ್ತಾಳೆ. ಹಾಜರಿ ಪುಸ್ತಕದಲ್ಲಿ ಇವಳ ಹೆಸರಿಲ್ಲ. ಟೀಚರ್ ಇನ್ನೂ ಕೇಳುವುದನ್ನು ಬಿಟ್ಟಿಲ್ಲ.